ಮನೆಗಾಗಿ ಸೈಕಲ್ ತುಳಿದವರು

ಸದಸ್ಯ ಬಾಂಧವರಲ್ಲಿ ಐವತ್ತು ದಾಟಿದವರಿಗೆ ನಿರಂತರ ಸೈಕಲ್ ಸವಾರಿಯ ನೆನಪು ಇದ್ದೇ ಇರುತ್ತದೆ. ಶಾಲೆಯ ಮೈದಾನದಲ್ಲಿ ನಾಲ್ಕು ಕಂಬ ನೆಟ್ಟು, ಟ್ಯೂಬ್‌ಲೈಟು ಕಟ್ಟಿ, ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಿ, ಒಬ್ಬ ಸವಾರ ಹಗಲಿರುಳೆನ್ನದೆ ದಿನಗಟ್ಟಲೆ ಸುತ್ತುತ್ತಿದ್ದ. ಊಟ, ಸ್ನಾನ, ಕ್ಷೌರ ಎಲ್ಲವೂ ಸೈಕಲ್ಲಿನ ಮೇಲೆಯೇ. ಕೊನೆಯ ದಿನ ಊರ ಮಹನೀಯರು ಬಂದು ಅವನ ಕೊರಳಿಗೆ ನೋಟಿನ ಹಾರ ಹಾಕುವುದು, ಅವನು ಕೆಳಗಿಳಿದು ಕೈಮುಗಿಯುವುದು, ಮರುದಿನ ಬೇರೆ ಊರಿಗೆ ಹೊರಡುವುದು, ಇದು ರೂಢಿ. ಅವನು ತುಳಿದ ದಾರಿ ಎಷ್ಟು ಮೈಲಿಯೋ, ತಲುಪಿದ ಜಾಗ ಮಾತ್ರ ಅದೇ ಮೈದಾನ. ಆದರೂ ಜನ ಕಾಸು ಕೊಟ್ಟರು. ಏಕೆಂದರೆ ಕಣ್ಣೆದುರು ಒಬ್ಬ ಮನುಷ್ಯ ಬೆವರು ಸುರಿಸುತ್ತಿದ್ದಾಗ ಕೈ ಕಟ್ಟಿ ನಿಲ್ಲುವುದು ನಮ್ಮ ಜನಕ್ಕೆ ಒಗ್ಗುವುದಿಲ್ಲ.

ಇದೇ ಬೆವರನ್ನು ಇನ್ನೊಂದು ಕೆಲಸಕ್ಕೆ ಹಚ್ಚಿದವರ ವಿಷಯ ಈ ಲೇಖನದಲ್ಲಿದೆ. ಮನೆಯಿಲ್ಲದವರಿಗೆ ಮನೆ ಕಟ್ಟಲು ಹಣ ಬೇಕು. ಆ ಹಣಕ್ಕಾಗಿ ಹತ್ತಾರು ಜನ ಒಟ್ಟಾಗಿ ಸಾವಿರಾರು ಕಿಲೋಮೀಟರು ಸೈಕಲ್ ತುಳಿಯುವುದು. ದಾರಿಯುದ್ದಕ್ಕೂ ಹಣ ಕೂಡಿಸುವುದು. ನಡುನಡುವೆ ಸೈಕಲ್ ಒರಗಿಸಿಟ್ಟು ಕಲ್ಲು, ಮರ, ಸುತ್ತಿಗೆ ಹಿಡಿಯುವುದು. ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಆದರೆ ಅದರ ಬೇರು ಇರುವುದು ನಮ್ಮಂಥ ಬೆಳೆಗಾರರ ತೋಟವೊಂದರಲ್ಲಿ ಎಂಬುದನ್ನು ತಿಳಿದರೆ ನಮ್ಮ ಸದಸ್ಯರಿಗೆ ಸಂತೋಷವಾದೀತು.

ಕಡಲೆಕಾಯಿ ಸೀಮೆಯ ಒಂದು ತೋಟ

ಅಮೆರಿಕದ ದಕ್ಷಿಣದಲ್ಲಿ ಜಾರ್ಜಿಯಾ ಎಂಬ ರಾಜ್ಯವಿದೆ. ಕಡಲೆಕಾಯಿ, ಹತ್ತಿ, ಪೆಕಾನ್ ಎಂಬ ಅಕ್ರೋಟಿನ ಜಾತಿಯ ಬೀಜ ಅಲ್ಲಿನ ಬೆಳೆಗಳು. ಆ ರಾಜ್ಯದ ಅಮೆರಿಕಸ್ ಎಂಬ ಸಣ್ಣ ಪೇಟೆಯ ಹತ್ತಿರ 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಎಂಬವರು ಗೆಳೆಯರೊಡನೆ ಸೇರಿ ಕೊಯ್ನೋನಿಯಾ ಎಂಬ ತೋಟವನ್ನು ಆರಂಭಿಸಿದರು. ಬಿಳಿಯರು, ಕರಿಯರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು, ಒಂದೇ ಗದ್ದೆಯಲ್ಲಿ ಸಮಾನ ಕೂಲಿಗೆ ದುಡಿಯುವುದು ಆ ತೋಟದ ನಿಯಮ. ಆ ಕಾಲದ ಆ ಸೀಮೆಯಲ್ಲಿ ಇದು ಸಾಮಾನ್ಯ ಮಾತಲ್ಲ. 1956ರಿಂದೀಚೆಗೆ ಸುತ್ತಲಿನ ಪೇಟೆಯವರು ಬಹಿಷ್ಕಾರ ಹಾಕಿದರು. ಗೊಬ್ಬರ, ಬೀಜ ಯಾರೂ ಮಾರಲಿಲ್ಲ. ಬೆಳೆದದ್ದನ್ನು ಯಾರೂ ಕೊಳ್ಳಲಿಲ್ಲ. ರಸ್ತೆ ಬದಿಯ ಅವರ ಅಂಗಡಿಗೆ ಬಾಂಬು ಬಿತ್ತು.

ಬೆಳೆಗಾರನಿಗೆ ಮಾರುಕಟ್ಟೆ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. 1970ರ ಸುಮಾರಿನಲ್ಲಿ ಅಡಿಕೆಯ ಧಾರಣೆ ಕುಸಿದಾಗ ಕರಾವಳಿಯ ಬೆಳೆಗಾರ ಕಂಡ ದಿನಗಳು, ಅದರ ಫಲವಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ನಮ್ಮ ಮನೆಯ ಕಥೆಯೇ ಆಗಿದೆ. ಕೊಯ್ನೋನಿಯಾದವರು ಹಿಡಿದ ದಾರಿ ಬೇರೆ. ಅವರು ಪೆಕಾನ್ ಬೀಜವನ್ನು ಪೊಟ್ಟಣ ಕಟ್ಟಿ ಅಂಚೆಯ ಮೂಲಕ ದೇಶದೆಲ್ಲೆಡೆಯ ಗಿರಾಕಿಗಳಿಗೆ ಕಳಿಸತೊಡಗಿದರು. ಊರಿನ ಅಂಗಡಿ ಮುಚ್ಚಿದರೂ ಅಂಚೆ ಪೆಟ್ಟಿಗೆ ಮುಚ್ಚಲು ಯಾರಿಂದಲೂ ಆಗಲಿಲ್ಲ. ತೋಟ ಉಳಿಯಿತು.

ತೋಟ ಉಳಿದ ಮೇಲೆ ಅವರ ಕಣ್ಣಿಗೆ ಬಿದ್ದದ್ದು ಸುತ್ತಲಿನ ಕೂಲಿಕಾರರ ಜೋಪಡಿಗಳು. 1968ರಲ್ಲಿ ಜೋರ್ಡನ್ ಮತ್ತು ಮಿಲ್ಲರ್ಡ್ ಫುಲ್ಲರ್ ಎಂಬ ವಕೀಲರು ಕುಳಿತು ಒಂದು ಯೋಜನೆ ಹಾಕಿದರು. ತೋಟದ ಅಂಚಿನಲ್ಲಿ ಅರ್ಧ ಅರ್ಧ ಎಕರೆಯ 42 ನಿವೇಶನಗಳನ್ನು ಗುರುತಿಸುವುದು. ಮನೆ ಕಟ್ಟಿ ಲಾಭವಿಲ್ಲದ ಬೆಲೆಗೆ ಬಡವರಿಗೆ ಕೊಡುವುದು. ಅವರು ಅದನ್ನು 20 ವರ್ಷಗಳಲ್ಲಿ ಬಡ್ಡಿಯಿಲ್ಲದೆ ತೀರಿಸುವುದು. ತೀರಿಸಿದ ಕಂತು ಮುಂದಿನವನ ಮನೆಗೆ ಹೋಗುವುದು. ಕಟ್ಟುವಾಗ ಮನೆಯವರೂ ನೆರೆಯವರೂ ಕೈ ಹಚ್ಚುವುದು. 1969ರಲ್ಲಿ ಮೊದಲ ಮನೆ ಮುಗಿಯುವ ಹೊತ್ತಿಗೆ ಜೋರ್ಡನ್ ತೀರಿಕೊಂಡಿದ್ದರು. ಅವರ ಯೋಜನೆ ಮಾತ್ರ ಮುಂದುವರಿಯಿತು.

ಫುಲ್ಲರ್ ಅದನ್ನು ಆಫ್ರಿಕಕ್ಕೆ ಕೊಂಡೊಯ್ದು ಪ್ರಯೋಗ ಮಾಡಿ ಬಂದು, 1976ರಲ್ಲಿ ಹೆಂಡತಿ ಲಿಂಡಾ ಅವರೊಡನೆ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಸೀಮೆಯ ಕಡಲೆಕಾಯಿ ಬೆಳೆಗಾರ, ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದ ಸ್ವತಃ ಸುತ್ತಿಗೆ ಹಿಡಿದು ಈ ಕೆಲಸಕ್ಕೆ ಬಂದರು. ಭಾರತದಲ್ಲಿ ಈ ಸಂಸ್ಥೆಯ ಕೆಲಸ 1983ರಲ್ಲಿ ಖಮ್ಮಂನಲ್ಲಿ ಆರಂಭವಾಯಿತು. 2006ರಲ್ಲಿ ಕಾರ್ಟರ್ ದಂಪತಿಗಳು ಮಹಾರಾಷ್ಟ್ರದ ಲೋಣಾವಳದ ಬಳಿ ಸಾವಿರಾರು ಸ್ವಯಂಸೇವಕರೊಡನೆ ಮನೆ ಕಟ್ಟಲು ಬಂದಿದ್ದರು. ಆಗ ಕಾರ್ಟರ್ ಅವರಿಗೆ 82 ವರ್ಷ.

ನಡಿಗೆಯಿಂದ ಸೈಕಲ್ಲಿಗೆ

ಯೋಜನೆ ಒಳ್ಳೆಯದಾದ ಮಾತ್ರಕ್ಕೆ ಹಣ ಬರುವುದಿಲ್ಲ. 1983ರಲ್ಲಿ ಫುಲ್ಲರ್ ಅಮೆರಿಕಸ್‌ನಿಂದ ಇಂಡಿಯಾನಾಪೊಲಿಸ್‌ವರೆಗೆ 700 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 1,100 ಕಿಲೋಮೀಟರಿಗೂ ಮಿಕ್ಕಿ ನಡೆದರು. ವಿನೋಬಾ ಭಾವೆಯವರು ಭೂದಾನಕ್ಕಾಗಿ ನಡೆದು 1957ರಲ್ಲಿ ನಮ್ಮ ರಾಜ್ಯಕ್ಕೆ ಬಂದದ್ದನ್ನು ಹಿರಿಯರಿಂದ ಕೇಳಿದವರಿಗೆ ಇದು ಹೊಸದೆನಿಸದು. ನಡೆಯುವವನು ಊರೂರಲ್ಲಿ ತಂಗುತ್ತಾನೆ, ತಂಗಿದಲ್ಲಿ ಮಾತಾಡುತ್ತಾನೆ, ಮಾತು ಕೇಳಿದವರಲ್ಲಿ ಕೆಲವರು ಕೊಡುತ್ತಾರೆ.

ನಡಿಗೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಸೈಕಲ್ಲಾದರೆ ದಿನಕ್ಕೆ 100 ಕಿಲೋಮೀಟರು ದಾಟಬಹುದು, ಆದರೂ ದಾರಿಯವರೊಡನೆ ಮಾತು ಬಿಟ್ಟುಹೋಗುವಷ್ಟು ವೇಗವಲ್ಲ. 1980ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 36 ಜನ ಗೆಳೆಯರು ಕ್ಯಾನ್ಸರ್ ಸಂಶೋಧನೆಗಾಗಿ ಸೈಕಲ್ ಸವಾರಿ ಹೊರಟು 10,200 ಡಾಲರು ಕೂಡಿಸಿದರು. ವರ್ಷವರ್ಷವೂ ನಡೆದ ಆ ಸವಾರಿಯ ಒಟ್ಟು ಸಂಗ್ರಹ 2024ರ ಹೊತ್ತಿಗೆ 100 ಕೋಟಿ ಡಾಲರನ್ನು ದಾಟಿತು. ಸಹಕಾರಿ ಸಂಘದ ಸದಸ್ಯರಿಗೆ ಇದರಲ್ಲಿ ಗಮನಿಸತಕ್ಕ ಅಂಶ ಒಂದೇ: ಮೊದಲ ವರ್ಷದ ಮೊತ್ತ ದೊಡ್ಡದಾಗಿರಲಿಲ್ಲ, ಆದರೆ ಎರಡನೆಯ ವರ್ಷವೂ ಅವರು ಹೊರಟರು.

ಮನೆಯ ಕೆಲಸಕ್ಕೆ ಸೈಕಲ್ಲನ್ನು ತಂದವರು ವಿದ್ಯಾರ್ಥಿಗಳು. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1995ರಿಂದ ಬೇಸಗೆ ರಜೆಯಲ್ಲಿ ಅಟ್ಲಾಂಟಿಕ್ ಕಡೆಯ ನ್ಯೂಹೇವನ್ ಪಟ್ಟಣದಿಂದ ಶಾಂತಸಾಗರದ ದಡದವರೆಗೆ ಸುಮಾರು 6,400 ಕಿಲೋಮೀಟರು ತುಳಿದು ಹ್ಯಾಬಿಟಾಟ್ ಸಂಸ್ಥೆಗೆ ಹಣ ಕೂಡಿಸಿದರು. 2003ರಲ್ಲಿ ಬೈಕ್ ಅಂಡ್ ಬಿಲ್ಡ್ ಎಂಬ ಇನ್ನೊಂದು ಸಂಸ್ಥೆ ಇದನ್ನೇ ಬೇರೆ ಬೇರೆ ಮಾರ್ಗಗಳಿಗೆ ಹರಡಿತು. ಫುಲ್ಲರ್ ಅವರು 2005ರಲ್ಲಿ ಮೂಲ ಸಂಸ್ಥೆಯಿಂದ ಹೊರಬಂದು ಫುಲ್ಲರ್ ಸೆಂಟರ್ ಎಂಬುದನ್ನು ಕಟ್ಟಿದರು. ಅದರ ಹೆಸರಿನಲ್ಲಿ 2008ರಿಂದ ಮತ್ತೊಂದು ಸೈಕಲ್ ಸವಾರಿ ಹೊರಟಿತು. ಫುಲ್ಲರ್ 2009ರಲ್ಲಿ ತೀರಿಕೊಂಡರು. ಸವಾರಿ ಮುಂದೆಯೂ ನಡೆಯಿತು.

ದಾರಿಯ ರೀತಿ ನೀತಿ

ಈ ಸವಾರಿಗಳ ಕ್ರಮ ಸರಳ. ಹೊರಡುವ ಮುನ್ನ ಪ್ರತಿಯೊಬ್ಬ ಸವಾರನೂ ಇಷ್ಟು ಮೊತ್ತ ಕೂಡಿಸಿ ತರಬೇಕೆಂಬ ಕರಾರು. ಅವನು ತನ್ನ ಬಂಧುಗಳಿಗೆ, ನೆರೆಹೊರೆಗೆ, ಹಳೆಯ ಮೇಷ್ಟರಿಗೆ ಕಾಗದ ಬರೆದು ಕೇಳುತ್ತಾನೆ. ದಾರಿಯಲ್ಲಿ ಹೋಟೆಲಿನ ಖರ್ಚಿಲ್ಲ. ರಾತ್ರಿ ತಂಗುವುದು ಶಾಲೆ, ಇಗರ್ಜಿ, ಸಮಾಜಮಂದಿರಗಳ ನೆಲದ ಮೇಲೆ. ಊಟ ಊರವರದು. ಸಂಜೆ ಊರವರನ್ನು ಕೂರಿಸಿ, ತಾವು ಏಕೆ ಹೊರಟೆವು ಎಂದು ಅರ್ಧ ಗಂಟೆ ಹೇಳುವುದು. ಸಾಮಾನು ಹೊರಲು ಒಂದು ವ್ಯಾನು. ಇನ್ನು ವಿಶೇಷವೆಂದರೆ, ನಿಗದಿಯಾದ ದಿನಗಳಲ್ಲಿ ಸೈಕಲ್ ತುಳಿಯುವುದನ್ನು ಬಿಟ್ಟು ಅಲ್ಲಿ ಏಳುತ್ತಿರುವ ಮನೆಯಲ್ಲಿ ದುಡಿಯುವುದು. ಆ ದಿನ ಸವಾರನ ಪಕ್ಕದಲ್ಲಿ ಗೋಡೆಗೆ ಹಲಗೆ ಹಿಡಿಯುವವನು ಮನೆಯ ಯಜಮಾನನೇ ಆಗಿರುತ್ತಾನೆ. ಕೊಡುವವನು ಕೊಳ್ಳುವವನು ಎಂಬ ಭೇದ ಆ ಹಲಗೆಯ ಎರಡು ತುದಿಗಳಲ್ಲಿ ಕರಗುತ್ತದೆ.

ನಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದು ಬೇರೆ ಹೆಸರಿನ ಹಳೆಯ ಸಂಗತಿ. ಇಂದು ನೀನು ನನ್ನ ನಟ್ಟಿಗೆ ಬಾ, ನಾಳೆ ನಾನು ನಿನ್ನ ಕೊಯ್ಲಿಗೆ ಬರುತ್ತೇನೆ ಎಂಬ ಮಾತಿನ ಮೇಲೆ ಎಷ್ಟೋ ಗದ್ದೆಗಳು ಬೆಳೆದವು. ಕರಾವಳಿಯಲ್ಲಿ ಮುಳಿಹುಲ್ಲಿನ ಮನೆಗಳಿದ್ದ ಕಾಲದಲ್ಲಿ ಮಳೆಗಾಲಕ್ಕೆ ಮುಂಚೆ ಮಾಡು ಹೊದೆಸುವ ದಿನ ನೆರೆಯವರೆಲ್ಲ ಬಂದು ಹುಲ್ಲು ಎತ್ತಿಕೊಡುತ್ತಿದ್ದರು. ಮನೆಯವರು ಮಧ್ಯಾಹ್ನ ಊಟ ಹಾಕುತ್ತಿದ್ದರು. ಹಂಚು ಬಂತು, ಕಾಂಕ್ರೀಟು ಬಂತು, ಮನೆ ಗಟ್ಟಿಯಾಯಿತು. ಆದರೆ ಮನೆ ಕಟ್ಟುವುದು ಒಬ್ಬನ ಕೆಲಸವಾಗಿ, ಒಬ್ಬನ ಸಾಲವಾಗಿ ಉಳಿಯಿತು.

ಇಷ್ಟು ಹೇಳಿದ ಮೇಲೆ ಈ ಸವಾರಿಗಳ ಕಹಿಯನ್ನೂ ಹೇಳಬೇಕು. 2007ರಲ್ಲಿ ಯೇಲ್ ತಂಡದ ತರುಣಿಯೊಬ್ಬಳು ಕೆಂಟಕಿ ರಾಜ್ಯದ ರಸ್ತೆಯಲ್ಲಿ ವಾಹನ ಬಡಿದು ಸತ್ತಳು. 2015ರಲ್ಲಿ ಬೈಕ್ ಅಂಡ್ ಬಿಲ್ಡ್ ತಂಡದ ತರುಣನೊಬ್ಬ ಒಕ್ಲಹೋಮಾದಲ್ಲಿ ಹಾಗೆಯೇ ಸತ್ತನು. ಒಬ್ಬರಿಗೆ ಮನೆ ಕಟ್ಟಲು ಹೋಗಿ ಇನ್ನೊಂದು ಮನೆಯ ದೀಪ ಆರಿದಂತಾಯಿತು. ಒಳ್ಳೆಯ ಉದ್ದೇಶ ಲಾರಿಯ ಚಕ್ರವನ್ನು ನಿಲ್ಲಿಸುವುದಿಲ್ಲ. ಈ ಮಾತನ್ನು ಮರೆತು ಯಾರೂ ಸೈಕಲ್ ಹತ್ತಬಾರದು.

ಮಣಿಪಾಲದ ಗುಡ್ಡ ಕಲಿಸಿದ್ದು

ಸಣ್ಣ ಮೊತ್ತಗಳಿಂದ ದೊಡ್ಡ ಕೆಲಸ ಆಗುತ್ತದೆಯೇ ಎಂಬ ಸಂಶಯ ಬಂದವರು ದೂರ ಹೋಗಬೇಕಾಗಿಲ್ಲ, ಮಣಿಪಾಲದ ಗುಡ್ಡ ಹತ್ತಿದರೆ ಸಾಕು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 8,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಬ್ಯಾಂಕು, 1928ರಲ್ಲಿ ಪಿಗ್ಮಿ ಠೇವಣಿ ಎಂಬುದನ್ನು ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಕ್ರಮ ಅದು. ನೇಕಾರನ ಎರಡಾಣೆ, ಹೂವಿನವಳ ಎರಡಾಣೆ, ಹೋಟೆಲು ಮಾಣಿಯ ಎರಡಾಣೆ ಕೂಡಿದವು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಮಣಿಪಾಲದಲ್ಲಿ ಪ್ರಧಾನ ಕಚೇರಿ ಇಟ್ಟುಕೊಂಡು ದೇಶಕ್ಕೆ ಹಬ್ಬಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದರೂ ಪಿಗ್ಮಿ ಎಂಬ ಶಬ್ದ ನಮ್ಮ ಸಹಕಾರಿ ಸಂಘಗಳ ಪುಸ್ತಕದಲ್ಲಿ ಇನ್ನೂ ಉಳಿದಿದೆ. ಮರವೂ ಸರಿಯಾಗಿ ಬೆಳೆಯದ ಮುರಕಲ್ಲಿನ ಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಎದ್ದದ್ದನ್ನು ಕಂಡವರು, ಆಗದ ಕೆಲಸ ಎಂಬ ಮಾತನ್ನು ಸುಲಭವಾಗಿ ಆಡುವುದಿಲ್ಲ.

ಮನೆ ಕಟ್ಟುವ ವಿಷಯದಲ್ಲೂ ಉಡುಪಿಯವರ ಕೈಯಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ಎಂಬ ಸಂಸ್ಥೆ ಮೊದಲು ಕಲಾವಿದರ ಕ್ಷೇಮವನ್ನು ನೋಡುತ್ತಿತ್ತು. 2005ರಲ್ಲಿ ಬಡ ವಿದ್ಯಾರ್ಥಿಗಳಿಗೆ ನೆರವಾಗುವ ವಿದ್ಯಾಪೋಷಕ್ ಎಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಅರ್ಜಿ ಬಂದೊಡನೆ ಹಣ ಕೊಡದೆ, ಕಾರ್ಯಕರ್ತರು ವಿದ್ಯಾರ್ಥಿಯ ಮನೆಗೇ ಹೋಗಿ ನೋಡಿ ಬರುವುದು ಅಲ್ಲಿನ ಪದ್ಧತಿ. ಹೋಗಿ ನೋಡಿದಾಗ ಕೆಲವು ಮನೆಗಳು ಮನೆಯೇ ಆಗಿರಲಿಲ್ಲ. ಟರ್ಪಾಲಿನ ಮಾಡು, ಮಣ್ಣಿನ ಅರೆಗೋಡೆ, ಮಳೆ ಬಂದರೆ ಪುಸ್ತಕ ಇಡಲು ಒಣ ಜಾಗವಿಲ್ಲ. ಫೀಸು ಕಟ್ಟಿದರೆ ಸಾಲದು, ಓದಲು ಸೂರು ಬೇಕು ಎಂಬುದು ಆ ಭೇಟಿಗಳಿಂದಲೇ ಗೊತ್ತಾದದ್ದು. ಅಲ್ಲಿಂದೀಚೆಗೆ ಒಬ್ಬೊಬ್ಬ ದಾನಿಯಿಂದ ಒಂದೊಂದು ಮನೆಯಂತೆ ಹತ್ತಾರು ಮನೆಗಳನ್ನು ಕಟ್ಟಿಸಿ ಕೀಲಿಕೈ ಒಪ್ಪಿಸಿದೆ.

ಹ್ಯಾಬಿಟಾಟ್ ಸಂಸ್ಥೆಯದು ಬಡ್ಡಿಯಿಲ್ಲದ ಸಾಲ, ಕಲಾರಂಗದ್ದು ದಾನ. ಯಾವುದು ಮೇಲು ಎಂದು ವಾದಿಸುವುದಕ್ಕಿಂತ, ಎರಡರಲ್ಲೂ ಇರುವ ಸಮಾನ ಗುಣವನ್ನು ನೋಡುವುದು ಲೇಸು. ಎರಡೂ ಕಡೆ ಮನೆಯವರನ್ನು ಕಣ್ಣಾರೆ ಕಂಡು, ಹೆಸರು ಹಿಡಿದು ಕರೆಯಬಲ್ಲಷ್ಟು ಪರಿಚಯ ಮಾಡಿಕೊಂಡು ಆಮೇಲೆ ಅಡಿಗಲ್ಲು ಇಡುತ್ತಾರೆ.

ನಮ್ಮ ತೋಟದ ಬೇಲಿಯಾಚೆ

ಈಗ ನಮ್ಮ ವಿಷಯಕ್ಕೆ ಬರೋಣ. ಕಾಫಿ, ಚಹಾ, ರಬ್ಬರ್, ಏಲಕ್ಕಿಯ ದೊಡ್ಡ ಎಸ್ಟೇಟುಗಳು ಕಾರ್ಮಿಕರಿಗೆ ವಸತಿ ಒದಗಿಸಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ವಿಧಿಸಿತ್ತು. ಎರಡು ಎಕರೆ, ಮೂರು ಎಕರೆಯ ಸಣ್ಣ ಹಿಡುವಳಿದಾರನಿಗೆ ಆ ಹೊಣೆ ಬಂದಿರಲಿಲ್ಲ. ಅಡಿಕೆ ತೋಟ ಆ ಕಾಯಿದೆಯ ಪಟ್ಟಿಯಲ್ಲೇ ಇರಲಿಲ್ಲ. ಕಾಯಿದೆಯ ಹೊಣೆ ಬರಲಿಲ್ಲ ನಿಜ, ಆದರೆ ಕೊನೆ ತೆಗೆಯುವವನು, ಮದ್ದು ಬಿಡುವವನು, ಅಡಿಕೆ ಸುಲಿಯುವ ಹೆಂಗಸರು, ಕಾಫಿ ಕೊಯ್ಯುವವರು ಎಲ್ಲೋ ಒಂದು ಕಡೆ ಮಲಗಲೇಬೇಕಷ್ಟೆ. ಅವರಲ್ಲಿ ಎಷ್ಟು ಜನರ ಮಾಡು ಸೋರುತ್ತದೆ ಎಂಬುದು ಅವರನ್ನು ಕೆಲಸಕ್ಕೆ ಕರೆಯಲು ಹೋದ ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಮೇಲಾಗಿ ಸಣ್ಣ ಬೆಳೆಗಾರನ ಮನೆಯೂ ಎಲ್ಲ ಕಡೆ ಗಟ್ಟಿಯಾಗಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಕಾಫಿ ತೋಟದ ಮಾಲಿಕನೂ ಕೂಲಿಯವನೂ ಒಂದೇ ಗಂಜಿ ಕೇಂದ್ರದಲ್ಲಿ ಕುಳಿತರು. ಜಂಬೂರು, ಮದೆನಾಡುಗಳಲ್ಲಿ ಸಂತ್ರಸ್ತರಿಗೆ ಮನೆಗಳ ಕೀಲಿಕೈ ಸಿಕ್ಕಿದ್ದು 2020ರ ಜೂನ್‌ನಲ್ಲಿ. ನಡುವೆ ಇನ್ನೊಂದು ಪೂರ್ತಿ ಮಳೆಗಾಲ. 2019ರಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲೂ ಗುಡ್ಡ ಮನೆಗಳನ್ನು ನುಂಗಿತು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜರಿದ ಬಳಿಕ ಕೇರಳದ ಯುವಕರು ಗುಜರಿ ಆರಿಸಿ, ಬಿರಿಯಾನಿ ಮಾರಿ ಮನೆಗಳಿಗಾಗಿ ಹಣ ಕೂಡಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಸರಕಾರದ ಸಹಾಯ ಇಲ್ಲವೆಂದಲ್ಲ. 1991-92ರ ಆಶ್ರಯ ಯೋಜನೆಯಿಂದ ಹಿಡಿದು ಬಸವ ವಸತಿಯವರೆಗೆ ಹಲವು ಬಂದವು. 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಂದಾಗ ಒಂದು ಮನೆಗೆ ಬಯಲು ಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡು ಪ್ರದೇಶಕ್ಕೆ 1.30 ಲಕ್ಷ ಎಂದು ನಿಗದಿಯಾಯಿತು. ಮುರಕಲ್ಲು, ಸಿಮೆಂಟು, ಮೇಸ್ತ್ರಿಯ ಮಜೂರಿ ಬಲ್ಲವರು ಆ ಹಣ ಪಂಚಾಂಗ ದಾಟಿ ಎಲ್ಲಿಯವರೆಗೆ ಹೋದೀತೆಂದು ತಾವೇ ಅಂದಾಜು ಹಾಕಿಕೊಳ್ಳಬಹುದು. ಗೋಡೆ ಎದ್ದು ಮಾಡಿಲ್ಲದೆ ಪಾಚಿಗಟ್ಟಿ ನಿಂತ ಮನೆಗಳು ಪ್ರತಿಯೊಂದು ಗ್ರಾಮದಲ್ಲೂ ಸಿಗುತ್ತವೆ. ಆ ಗೋಡೆಯ ಮೇಲಿನ ಮಾಡಿನಷ್ಟು ಹಣವನ್ನು ಕೂಡಿಸುವುದೇ ನಮ್ಮಂಥವರಿಂದ ಆಗಬಹುದಾದ ಕೆಲಸ.

ನಮ್ಮ ಕಡೆ ನಡೆಸುವುದಾದರೆ

ನಮ್ಮ ಕಡೆ ಇಂಥ ಸವಾರಿಯೊಂದನ್ನು ನಡೆಸುವುದಾದರೆ ಯೋಚಿಸಬೇಕಾದ ಕೆಲವು ಅಂಶಗಳನ್ನು ಇಲ್ಲಿ ಕೊಟ್ಟಿದೆ.

ಮೊದಲನೆಯದು ಕಾಲ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಗ ಕಲ್ಲು ಕಡಿಯುವಂತಿಲ್ಲ, ಗೋಡೆ ಏಳುವಂತಿಲ್ಲ. ದೀಪಾವಳಿಯ ಹೊತ್ತಿಗೆ ಹಣ ಕೈಯಲ್ಲಿದ್ದರೆ ಡಿಸೆಂಬರಿನಲ್ಲಿ ಪಂಚಾಂಗ, ಫೆಬ್ರವರಿಯಲ್ಲಿ ಗೋಡೆ, ಪತ್ತನಾಜೆಯೊಳಗೆ ಮಾಡು. ಆದ್ದರಿಂದ ಸವಾರಿಗೆ ಸರಿಯಾದ ಕಾಲ ಮಳೆ ಹಿಂದೆ ಸರಿದ ಮೇಲೆ, ಅಡಿಕೆ ಕೊಯ್ಲು ಮತ್ತು ಕಾಫಿ ಕೊಯ್ಲು ಜೋರಾಗುವ ಮುನ್ನ.

ಎರಡನೆಯದು ದಾರಿ. ಹೊಸಬರಿಗೆ ಒಂದು ದಿನದ ಸುತ್ತು ಸಾಕು. ಮಣಿಪಾಲದಿಂದ ಉಡುಪಿ, ಕಟಪಾಡಿ, ಕಾಪು, ಪಡುಬಿದ್ರಿ. ಅಲ್ಲಿಂದ ಎಡಕ್ಕೆ ತಿರುಗಿ ಬೆಳ್ಮಣ್, ನಿಟ್ಟೆ, ಕಾರ್ಕಳ. ಬೈಲೂರು, ಹಿರಿಯಡ್ಕದ ಮೇಲೆ ಮರಳಿ ಮಣಿಪಾಲ. ಒಟ್ಟು ಸುಮಾರು 90 ಕಿಲೋಮೀಟರು. ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದಲ್ಲಿ ಎಳನೀರು, ಕಾರ್ಕಳದಲ್ಲಿ 1432ರಲ್ಲಿ ನಿಂತ ಗೋಮಟನ ಬೆಟ್ಟದಡಿಯಲ್ಲಿ ಮಧ್ಯಾಹ್ನದ ಊಟ. ಅಭ್ಯಾಸವಾದವರು ಮಣಿಪಾಲದಿಂದ ಪೆರ್ಡೂರು, ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಹತ್ತಬಹುದು. ದೂರ 55 ಕಿಲೋಮೀಟರಿನಷ್ಟೇ. ಆದರೆ ಕೊನೆಯ ಘಾಟಿಯಲ್ಲಿ 14 ತಿರುವುಗಳಿವೆ, ಮೇಲೆ ತಲುಪುವಾಗ ಸಮುದ್ರ ಮಟ್ಟದಿಂದ 640 ಮೀಟರಿನಷ್ಟು ಎತ್ತರ. ಅಲ್ಲಿಂದ ಶೃಂಗೇರಿ, ಕೊಪ್ಪ, ಬಾಳೆಹೊನ್ನೂರು ಎಂದು ಮುಂದುವರಿದರೆ ಅಡಿಕೆ ಸೀಮೆಯಿಂದ ಕಾಫಿ ಸೀಮೆಗೆ ಮೂರು ದಿನದ ದಾರಿ. ರಾತ್ರಿ ತಂಗಲು ಸಹಕಾರಿ ಸಂಘಗಳ ಗೋದಾಮುಗಳಿಗಿಂತ ಒಳ್ಳೆಯ ಜಾಗ ಬೇಕೇ?

ಮೂರನೆಯದು ಜೀವ. ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳ, ಬಸ್ಸುಗಳ ಓಟ ಎಲ್ಲರಿಗೂ ಗೊತ್ತಿದೆ. ಬೆಳಗಾದ ಮೇಲೆ ಹೊರಟು ಸಂಜೆ ಬೆಳಕಿರುವಾಗಲೇ ತಂಗುವುದು, ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗುವುದು, ತಲೆಗೆ ಶಿರಸ್ತ್ರಾಣ, ಮೈಗೆ ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ, ಹಿಂದೊಂದು ವಾಹನ, ಘಾಟಿ ಇಳಿಯುವಾಗ ಎರಡೂ ಬ್ರೇಕು ನೋಡಿಕೊಳ್ಳುವುದು, ಪೊಲೀಸರಿಗೆ ಮುಂಚಿತವಾಗಿ ತಿಳಿಸುವುದು. ಪಂದ್ಯ ಎಂಬ ಮಾತೇ ಬಾರದಿರಲಿ. ಮೊದಲು ತಲುಪಿದವನಿಗೆ ಬಹುಮಾನವಿಟ್ಟರೆ ಅಪಘಾತಕ್ಕೆ ಆಹ್ವಾನ ಕೊಟ್ಟಂತೆ.

ನಾಲ್ಕನೆಯದು ಹಣ. 25 ಸವಾರರು ಹೊರಟು, ಪ್ರತಿಯೊಬ್ಬನೂ 40 ಜನರಿಂದ ತಲಾ 500 ರೂಪಾಯಿ ತಂದರೆ ಐದು ಲಕ್ಷವಾಗುತ್ತದೆ. ಸೈಕಲ್ ತುಳಿಯಲಾಗದ ಸದಸ್ಯರಿಗೆ ಬೇರೆ ದಾರಿ ಇದೆ. 1,000 ಸದಸ್ಯರು ತಲಾ ಒಂದೇ ಕಿಲೋ ಅಡಿಕೆಯನ್ನು ಸಂಘದ ತಕ್ಕಡಿಗೆ ಹಾಕಿ ಹೋದರೆ, ಕಿಲೋಗೆ 400 ರೂಪಾಯಿ ಎಂದು ಹಿಡಿದರೂ ನಾಲ್ಕು ಲಕ್ಷ. ಕಾಫಿಯವರು ಒಂದು ಕಿಲೋ ಚೆರಿ ಹಾಕಬಹುದು. ಸವಾರನ ಊಟ, ವಾಹನದ ಎಣ್ಣೆ, ಬ್ಯಾನರು ಇವುಗಳ ಖರ್ಚನ್ನು ಈ ಮೊತ್ತದಿಂದ ತೆಗೆಯಕೂಡದು. ಅದಕ್ಕೆ ಬೇರೆಯೇ ದಾನಿಗಳನ್ನು ಹುಡುಕಬೇಕು. ಬಂದದ್ದೆಷ್ಟು, ಮನೆಗೆ ಹೋದದ್ದೆಷ್ಟು ಎಂಬುದನ್ನು ಸಂಘದ ನೋಟೀಸು ಬೋರ್ಡಿನಲ್ಲಿ ಪೈಸೆ ಸಹಿತ ಬರೆದು ಹಾಕಬೇಕು. ಲೆಕ್ಕ ಕಾಣದ ದಾನಕ್ಕೆ ಎರಡನೆಯ ವರ್ಷವಿಲ್ಲ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜಾಗದ ದಾಖಲೆ. ಮನೆ ಕಟ್ಟಿಸಿಕೊಳ್ಳುವವರ ಹೆಸರಿನಲ್ಲಿ ಪಹಣಿಯೋ ಹಕ್ಕುಪತ್ರವೋ ಇರಬೇಕು. ಸರಕಾರಿ ಜಾಗದಲ್ಲಿ ಹಿಂದಿನಿಂದ ಮನೆ ಮಾಡಿಕೊಂಡವರಿಗೆ ಭೂಕಂದಾಯ ಕಾಯಿದೆಯ 94ಸಿ ಕಲಮಿನಡಿ ಸಕ್ರಮದ ಅವಕಾಶ ಕಲ್ಪಿಸಲಾಗಿದೆ. ಆದರೆ ಅರ್ಜಿ ಬರೆಯುವವರಿಲ್ಲದೆ, ತಾಲ್ಲೂಕು ಕಚೇರಿಗೆ ಅಲೆಯಲು ದಿನದ ಕೂಲಿ ಬಿಡಲಾಗದೆ ಉಳಿದವರು ಅನೇಕರು. ಓದು ಬರಹ ಬಲ್ಲ ಸದಸ್ಯನೊಬ್ಬ ಅಂಥವರ ಕಾಗದ ಹಿಡಿದು ನಾಲ್ಕು ಬಾರಿ ಕಚೇರಿಗೆ ಹೋಗಿಬಂದರೆ, ಅದು ಆಗುಂಬೆ ಘಾಟಿ ಹತ್ತಿದ್ದಕ್ಕಿಂತ ಕಡಿಮೆ ಸೇವೆಯಲ್ಲ.

ದಾನವೋ ಕಂತೋ?

ಇಷ್ಟಾದ ಮೇಲೆ ಮನೆಯನ್ನು ಪುಕ್ಕಟೆ ಕೊಡುವುದೋ ಕಂತಿನ ಮೇಲೆ ಕೊಡುವುದೋ ಎಂಬ ಪ್ರಶ್ನೆ ಬರುತ್ತದೆ. ಗಂಡನಿಲ್ಲದ, ದುಡಿಯುವ ಕೈಯಿಲ್ಲದ ಮನೆಗೆ ಕಂತಿನ ಮಾತೆತ್ತುವುದು ಸರಿಯಲ್ಲ. ಅಲ್ಲಿ ದಾನವೇ ಧರ್ಮ. ದುಡಿಯುವ ಕೈಯಿದ್ದವರಿಗೆ ಕೊಯ್ನೋನಿಯಾದ ಕ್ರಮ ಹಿಡಿಸೀತು. ಮೂರು ಲಕ್ಷದ ಬಡ್ಡಿಯಿಲ್ಲದ ಸಾಲವನ್ನು ತಿಂಗಳಿಗೆ 2,500 ರೂಪಾಯಿಯಂತೆ ಕಟ್ಟಿದರೆ ಹತ್ತು ವರ್ಷಕ್ಕೆ ತೀರುತ್ತದೆ. ಅಂಥ ಹತ್ತು ಮನೆಗಳಾದರೆ ತಿಂಗಳಿಗೆ 25,000. ವರ್ಷಕ್ಕೆ ಮೂರು ಲಕ್ಷ. ಅಂದರೆ ಹೊಸದಾಗಿ ಯಾರಿಂದಲೂ ಕೇಳದೆ ವರ್ಷಕ್ಕೊಂದು ಮನೆ ಏಳುತ್ತದೆ. ಅದನ್ನು ಕಟ್ಟಿದವರು ಹಿಂದಿನ ಹತ್ತು ಮನೆಯವರು. ಪಡೆದವನೇ ಕೊಡುವವನಾದಾಗ ಅವನು ತಲೆಯೆತ್ತಿ ನಡೆಯುತ್ತಾನೆ. ಸಹಕಾರ ಎಂಬ ಶಬ್ದಕ್ಕೆ ನಮ್ಮ ಹಿರಿಯರು ಇಟ್ಟುಕೊಂಡಿದ್ದ ಅರ್ಥವೂ ಇದಕ್ಕಿಂತ ಬೇರೆಯಾಗಿರಲಿಲ್ಲ.

ಕೆಲವರು ಕೇಳಬಹುದು, ಇಷ್ಟೆಲ್ಲ ಗದ್ದಲವೇಕೆ, ಹಣವನ್ನು ನೇರವಾಗಿ ಕೊಟ್ಟುಬಿಟ್ಟರಾಗದೇ ಎಂದು. ಆಗುತ್ತದೆ, ಕೊಡುವವರು ಧಾರಾಳವಾಗಿ ಕೊಡಲಿ. ಆದರೆ ಕೊಡಬೇಕೆಂಬ ವಿಚಾರ ಮನಸ್ಸಿಗೆ ಬರಲು ಯಾರಾದರೂ ಬಂದು ಬಾಗಿಲು ತಟ್ಟಬೇಕು. ಪಿಗ್ಮಿ ಏಜೆಂಟ್ ಬಾರದಿದ್ದರೆ ಆ ಎರಡಾಣೆ ಸಂಜೆಯ ಚಹಕ್ಕೆ ಹೋಗುತ್ತಿತ್ತು. ಸೈಕಲ್ ಸವಾರನ ಕೆಲಸವೂ ಅಷ್ಟೇ. ಅವನು ಊರಿಗೆ ಬಂದು ನೀರು ಕೇಳುತ್ತಾನೆ, ಏಕೆ ಬಂದೆ ಎಂದು ಹೇಳುತ್ತಾನೆ. ಆ ಊರಿನವರು ಅವನನ್ನು ಕಳಿಸಿಕೊಟ್ಟು ತಿರುಗುವಾಗ, ತಮ್ಮ ಊರಿನಲ್ಲೇ ಮಾಡಿಲ್ಲದೆ ನಿಂತ ಗೋಡೆಯೊಂದು ಅವರ ಕಣ್ಣಿಗೆ ಬೀಳುತ್ತದೆ. ಅದು ಮೊದಲೂ ಅಲ್ಲೇ ಇತ್ತು.

ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ 2006-07ರಿಂದ ಕೊಡಲಾರಂಭಿಸಿದ ಸೈಕಲ್ಲುಗಳಲ್ಲಿ ಎಷ್ಟೋ ನಮ್ಮ ಕೊಟ್ಟಿಗೆಗಳಲ್ಲಿ ಸೌದೆಯ ಸಂಗಡ ಒರಗಿ ನಿಂತಿವೆ. ಚೈನಿಗೆ ಎಣ್ಣೆ ಬಿಟ್ಟು, ಚಕ್ರಕ್ಕೆ ಗಾಳಿ ಹೊಡೆದರೆ ಅವೂ ಓಡುತ್ತವೆ. ಯುವಕ ಮಂಡಲದವರೂ, ಕಾಲೇಜಿಗೆ ಹೋಗುವ ನಮ್ಮ ಸದಸ್ಯರ ಮಕ್ಕಳೂ ಮುಂದೆ ಬರುವುದಾದರೆ, ಮೊದಲು ಮಾಡಬೇಕಾದ ಕೆಲಸ ಸೈಕಲ್ಲಿನದಲ್ಲ: ತಮ್ಮ ಗ್ರಾಮದಲ್ಲಿ ಮಾಡಿಲ್ಲದೆ ನಿಂತ ಮನೆಗಳೆಷ್ಟು, ಅವುಗಳ ದಾಖಲೆ ಯಾವ ಸ್ಥಿತಿಯಲ್ಲಿದೆ ಎಂದು ಒಂದು ಪಟ್ಟಿ ಮಾಡುವುದು. ಆ ಪಟ್ಟಿಯನ್ನು ಮುಂದಿನ ಮಹಾಸಭೆಗೆ ತಂದು ಓದಲಿ. ಪಟ್ಟಿಯ ಮೊದಲ ಹೆಸರು ಯಾರದೆಂದು ಗೊತ್ತಾದ ಮೇಲೆ, ದಾರಿ ಎಷ್ಟು ದೂರ ಎಂಬುದನ್ನು ಒಟ್ಟಾಗಿ ಕುಳಿತು ಲೆಕ್ಕ ಹಾಕಬಹುದು.